ಮಾವನ ಹುಲ್ಲು, ಅತ್ತೆಯ ರಂಗೋಲಿ

ನಮ್ಮ ಸೋದರಮಾವ ಬದುಕಿದ್ದಾಗಲೇ ಅವರ ಸಾವಿಗೆ ಮೂರು ಜನ ಬಂದು ಅತ್ತು ಹೋಗಿದ್ದಾರೆ. ಸುಳ್ಳಲ್ಲ, ನನ್ನಾಣೆ! ಅವರಲ್ಲೊಬ್ಬರು ಹಾರವನ್ನೂ ತಂದಿದ್ದರು. ಇಷ್ಟಕ್ಕೆಲ್ಲ ಕಾರಣ ಹುಲ್ಲು. ದನ ಮೇಯುವ, ರೈತ ಬೈದುಕೊಂಡು ಕಿತ್ತೆಸೆಯುವ ಮಾಮೂಲಿ ಗರಿಕೆ ಹುಲ್ಲು! ಹುಲ್ಲಿಗೂ ಸಾವಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ.

ಮಾವ ಸ್ಟೇಷನ್ ಮಾಸ್ಟರ್ ಆಗಿದ್ದವರು. ದೊಡ್ಡ ಸ್ಟೇಷನ್ ಅಂದುಕೊಳ್ಳಬೇಡಿ. ಮೇಲ್ ಗಾಡಿ ತಿರುಗಿಯೂ ನೋಡದೆ ಹೋಗುವ, ಪ್ಯಾಸೆಂಜರ್ ಗಾಡಿ ನಿಲ್ಲಬೇಕಲ್ಲ ಅಂತ ನಿಲ್ಲುವ ಸ್ಟೇಷನ್ನುಗಳೇ ಅವರ ಹಣೆಯಲ್ಲಿ ಬರೆದಿದ್ದವು. ಅಂಥಲ್ಲಿ ದಿನಕ್ಕೆರಡು ಸಲ ಬಾವುಟ ತೋರಿಸಿದ ಮೇಲೆ ಮಾಡೋದೇನು? ಮಾವ ತೋಟ ಮಾಡುತ್ತಿದ್ದರು. ಸುಣ್ಣ ಬಳಿದ ಕಲ್ಲಿನ ಸಾಲು, ಮಟ್ಟಸವಾಗಿ ಕತ್ತರಿಸಿದ ಬೇಲಿ, ಕ್ರೋಟನ್ ಗಿಡ, ಹುಲ್ಲಿನ ನಡುವೆ ಬಿಳಿ ಕಲ್ಲಿನಲ್ಲಿ ಬರೆದ ಊರ ಹೆಸರು. ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ನೋಡಿ ಎರಡು ಒಳ್ಳೆಯ ಮಾತು ಬರೆದು ಹೋಗುವರು, ಅದರ ಹಿಂದೆಯೇ ವರ್ಗದ ಆರ್ಡರು ಬರುವುದು. ನೆಟ್ಟ ಗಿಡ ಹೂ ಬಿಡುವ ಹೊತ್ತಿಗೆ ಮಾವ ಇನ್ನೊಂದು ಊರಲ್ಲಿ ಗುಂಡಿ ತೋಡುತ್ತಿರುತ್ತಿದ್ದರು.

ಅತ್ತೆಯ ಕಷ್ಟ ಬೇರೆ. ರಂಗೋಲಿಯಲ್ಲಿ ನಮ್ಮ ಕಡೆ ಅವರನ್ನು ಮೀರಿಸಿದವರಿಲ್ಲ. ಇಪ್ಪತ್ತೊಂದು ಚುಕ್ಕಿಯ ಬಳ್ಳಿಯನ್ನು ಕೈ ಎತ್ತದೆ ಎಳೆಯುತ್ತಿದ್ದರು. ಆದರೆ ಎಳೆಯುವುದೆಲ್ಲಿ? ಕ್ವಾರ್ಟರ್ಸಿನ ಬಾಗಿಲಿಗೂ ಚರಂಡಿಗೂ ನಡುವೆ ಎರಡಡಿ ಜಾಗ. ಅಷ್ಟರಲ್ಲಿ ಮುದುರಿಕೊಂಡು ಬಿಟ್ಟರೆ, ಗೂಡ್ಸ್ ಗಾಡಿ ಹಾದು ಹೋದ ಗಾಳಿಗೆ ಅರ್ಧ ಹಾರಿ ಹೋಗುವುದು. ರಿಟೈರಾದ ಮೇಲೆ ಸ್ವಂತ ಮನೆ, ಮನೆ ಮುಂದೆ ವಿಶಾಲ ಅಂಗಳ, ಅಂಗಳದ ತುಂಬ ರಂಗೋಲಿ, ಇಷ್ಟೇ ಅವರ ಆಸೆ. ಮಕ್ಕಳಿಲ್ಲದ ದಂಪತಿ, ಬೇರೆ ಏನನ್ನೂ ಕೇಳಿದವರಲ್ಲ. ಮಾವ ಜೀವನವಿಡೀ ರೈಲು ಬಿಟ್ಟವರು, ಅತ್ತೆ ರಂಗೋಲಿ ಬಿಟ್ಟವರು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಮಾವ ಎರಡರ್ಥದಲ್ಲೂ ರೈಲು ಬಿಡುತ್ತಿದ್ದರು ಅನ್ನುವುದು ಬೇರೆ ಮಾತು.

ಎಪ್ಪತ್ತರ ದಶಕದ ನಡುವೆ ಮಾವ ರಿಟೈರಾಗಿ ಅಜ್ಜಂಪುರದಲ್ಲಿ, ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲೇ ಮನೆ ಕಟ್ಟಿಸಿದರು. ಮುಂದೆ ಮೂವತ್ತಡಿ ಅಂಗಳ. ಗೃಹಪ್ರವೇಶದ ದಿನ ಅತ್ತೆ ಬೆಳಕು ಹರಿಯುವ ಮುಂಚೆಯೇ ಕೂತು ಅಂಗಳದ ಆ ತುದಿಯಿಂದ ಈ ತುದಿಯವರೆಗೆ ರಂಗೋಲಿ ಬಿಟ್ಟರು. ಊಟಕ್ಕೆ ಬಂದವರೆಲ್ಲ ತುಳಿಯಲಾರದೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಅತ್ತೆಯ ಮುಖ ಅವತ್ತು ಹೇಗಿತ್ತು ಅಂದರೆ, ಮದುವೆ ದಿನವೂ ಹಾಗಿರಲಿಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಮಾವ ಗೂಟ, ಹಗ್ಗ, ಪಿಕಾಸಿ ತಗೊಂಡು ಅಂಗಳಕ್ಕಿಳಿದರು. ಲಾನ್ ಮಾಡುತ್ತಾರಂತೆ!

ಮಾವನ ಸಿದ್ಧಾಂತ ಸರಳ. ಸ್ಟೇಷನ್ನಿನಲ್ಲಿ ಇಳಿಯುವವರು ನಾಲ್ಕು ಜನ, ಕಿಟಕಿಯಿಂದ ನೋಡಿಕೊಂಡು ಹೋಗುವವರು ನಾನೂರು ಜನ. ಮನೆಯೂ ಹಾಗೇ ಅಂತೆ. ಒಳಗೆ ಬರುವ ನೆಂಟರಿಗೆ ಕಾಫಿ ಕೊಟ್ಟರೆ ಸಾಕು, ಬಸ್ಸಿನ ಕಿಟಕಿಯಲ್ಲಿ ಕೂತವನಿಗೆ ಏನು ಕೊಡುತ್ತೀರಿ? ನೋಟ ಕೊಡಬೇಕು! ಅದಕ್ಕೇ ಬುಕ್ಕಾಂಬುಧಿ ಕೆರೆಯಿಂದ ಎರಡು ಗಾಡಿ ಗೋಡು ಮಣ್ಣು ಹೊಡೆಸಿದರು. ಎಮ್ಮೆದೊಡ್ಡಿ ಕಾವಲಿನ ಹುಲ್ಲೇ ಶ್ರೇಷ್ಠ ಅಂತ ಯಾರೋ ಕಿವಿಯೂದಿದ್ದಕ್ಕೆ ಅಲ್ಲಿಗೆ ಹೋಗಿ, ಬೇರು ಸಮೇತ ಹುಲ್ಲನ್ನು ಗೋಣಿಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿಕೊಂಡು ಬಂದರು. ಕಂಡಕ್ಟರು ಚೀಲ ಬಿಚ್ಚಿ ನೋಡಿ, ಹುಲ್ಲು ಬಂತು, ಎಮ್ಮೆ ಹಿಂದಿನ ಬಸ್ಸಿಗೆ ಬರುತ್ತಾ ಅಂತ ಕೇಳಿದನಂತೆ.

ಊರಿಗೆ ಇದು ಅರ್ಥವೇ ಆಗಲಿಲ್ಲ. ಈರುಳ್ಳಿ ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಬೆನ್ನು ಬಗ್ಗಿದ ಜನ ಅವರು. ಹುಲ್ಲಿಗೆ ನೀರು ಹಾಕುವ ಮನುಷ್ಯನನ್ನು ಕಂಡದ್ದು ಅದೇ ಮೊದಲು. ಪಕ್ಕದ ಹೊಲದ ಯಜಮಾನರು ಮರುಕದಿಂದ, ನಮ್ಮ ಹೊಲದಲ್ಲಿ ಬೇಕಾದಷ್ಟಿದೆ, ನೀವೇ ಬಂದು ಕಿತ್ತುಕೊಂಡು ಹೋಗಿ ಸ್ವಾಮಿ, ಪುಣ್ಯ ಬರುತ್ತೆ ಅಂದರಂತೆ.

ಹುಲ್ಲು ಹತ್ತಿತು, ಹಸಿರಾಯಿತು. ಸುತ್ತ ಸುಣ್ಣದ ಕಲ್ಲು ಕೂತವು. ಗೇಟಿನ ಪಕ್ಕ ಹಳದಿ ಬೋರ್ಡು ಎದ್ದಿತು. ಅದರಲ್ಲಿ ಕಪ್ಪು ಅಕ್ಷರದಲ್ಲಿ ಮನೆಯ ಹೆಸರು, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಲೆಕ್ಕ! ಬೆಳಿಗ್ಗೆ ಎದ್ದು ಮಾವ ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ತಮ್ಮ ಮನೆಯನ್ನು ತಾವೇ ಇನ್ಸ್‌ಪೆಕ್ಷನ್ ಮಾಡುತ್ತಿದ್ದರು. ಹುಲ್ಲು ಕತ್ತರಿಸುವ ಮಿಷನ್ ಎಲ್ಲಿಂದ ತರೋದು? ಎರಡು ಕುರಿ ಎರವಲು ತಂದರು. ಕುರಿಗಳು ಒಂದು ಗಜ ಹುಲ್ಲನ್ನು ಅಚ್ಚುಕಟ್ಟಾಗಿ ಮೇಯ್ದು, ನಾಲಿಗೆ ಕೆಟ್ಟಿತೋ ಏನೋ, ಸೇವಂತಿಗೆ ಪಾತಿಗೆ ನುಗ್ಗಿದವು. ಮಾವ ಕೆಂಪು ಬಾವುಟ ಹಿಡಿದು ಸೀಟಿ ಊದುತ್ತಾ ಅಡ್ಡ ನಿಂತರು. ಕುರಿಗೆ ಸಿಗ್ನಲ್ ಗೊತ್ತೇ?

ಇಷ್ಟರಲ್ಲಿ ಅತ್ತೆಯ ರಂಗೋಲಿ ಏನಾಯಿತು? ಮಾವ ಅದಕ್ಕೂ ಏರ್ಪಾಡು ಮಾಡಿದ್ದರು. ಗೇಟಿನ ಹತ್ತಿರ, ಊಟದ ಮಣೆಯಷ್ಟಗಲ ಸಿಮೆಂಟು ಹಾಕಿಸಿ, ಅಲ್ಲಿ ಬಿಟ್ಟುಕೋ ಅಂದರು. ಅತ್ತೆ ಅದನ್ನೊಮ್ಮೆ ನೋಡಿ, ಇಷ್ಟರಲ್ಲಿ ಇರುವೆಗಳ ಮದುವೆಗೆ ಬೇಕಾದರೆ ಬಿಡಬಹುದು ಅಂತ ಹೇಳಿ ರಂಗೋಲಿ ಬಟ್ಟಲನ್ನು ಅಟ್ಟದ ಮೇಲೆ ಎಸೆದರು. ಅವತ್ತಿನಿಂದ ರಂಗೋಲಿಯೇ ಬಂದ್! ನಮ್ಮ ಕಡೆ ಬೈಗುಳವೇ 'ಎಕ್ಕುಟ್ಟೋಗ' ಅಂತ. ಅಂದರೆ ಮನೆ ಹಾಳಾಗಿ, ಓಡಾಡುವವರಿಲ್ಲದೆ, ಅಂಗಳದಲ್ಲಿ ಎಕ್ಕದ ಗಿಡ ಹುಟ್ಟಲಿ ಅಂತ. ಶತ್ರುಗಳು ಹಾಕಬೇಕಾದ ಶಾಪವನ್ನು ನೀವೇ ನೀರು ಹಾಕಿ ಬೆಳೆಸುತ್ತಿದ್ದೀರಲ್ಲ ಅಂತ ಅತ್ತೆ ದಿನಾ ಬೆಳಿಗ್ಗೆ ಕಾಫಿಯ ಜೊತೆಗೇ ಕೊಡುತ್ತಿದ್ದರು.

ಈಗ ಸಾವಿನ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಬಾಗಿಲ ಮುಂದೆ ಸಾರಿಸಿಲ್ಲ, ರಂಗೋಲಿ ಇಲ್ಲ ಅಂದರೆ ನಮ್ಮಲ್ಲಿ ಒಂದೇ ಅರ್ಥ. ಆ ಮನೆಯಲ್ಲಿ ಯಾರೋ ಹೋಗಿದ್ದಾರೆ. ಜೊತೆಗೆ ಹುಲ್ಲು ಬೇರೆ ಬೆಳೆದಿದ್ದರೆ? ಸಖರಾಯಪಟ್ಟಣದಿಂದ ಮಾವನ ಚಿಕ್ಕಪ್ಪನ ಮಗಳು ಗೌರಮ್ಮ ಬಂದರು. ಗೇಟಿನ ಹತ್ತಿರ ನಿಂತು ನೋಡಿದರು, ರಂಗೋಲಿ ಇಲ್ಲ. ಅಷ್ಟೇ, ಕೈಯಲ್ಲಿದ್ದ ತೆಂಗಿನಕಾಯಿ ಚೀಲ ಬಿಟ್ಟು, ಅಣ್ಣಯ್ಯಾ ಅಂತ ಶುರು ಮಾಡಿದರು. ಅಣ್ಣಯ್ಯ ದಾಸವಾಳದ ಬೇಲಿಯ ಹಿಂದೆಯೇ ಕತ್ತರಿ ಹಿಡಿದು ಕೂತಿದ್ದರು! ಕೂಡಲೇ ಎದ್ದು ಬರಬೇಕೋ ಬೇಡವೋ? ಊಹೂಂ. ತಮ್ಮ ದಾನಗುಣ, ಶಾಂತ ಸ್ವಭಾವ, ಹೂವಿನಂಥ ಮನಸ್ಸು ಎಲ್ಲವನ್ನೂ ಗೌರಮ್ಮ ರಾಗವಾಗಿ ಹೇಳುವುದನ್ನು ಕೇಳಿಕೊಂಡು ಕೂತರು. ಆಕೆ ದುಃಖ ತಡೆಯಲಾರದೆ ಕುಸಿದು ಕೂತಾಗ ಮಾತ್ರ ಬೇಲಿಯ ಮೇಲೆ ತಲೆ ಕಾಣಿಸಿತು.

"ಗೌರಮ್ಮಾ, ಒಂಚೂರು ಆ ಕಡೆ ಕೂತ್ಕೊಂಡು ಅಳವ್ವ. ಅದು ನಿನ್ನೆ ನೆಟ್ಟಿದ್ದು."

ಆಕೆಗೆ ಒಂದು ಚೊಂಬು ನೀರು ಕುಡಿಸಿ ಸಮಾಧಾನ ಮಾಡುವುದರಲ್ಲಿ ಅತ್ತೆಗೆ ಸಾಕಾಯಿತು. ಎರಡನೆಯವರು ತರೀಕೆರೆಯ ಒಬ್ಬ ಹಳೆಯ ಪಾಯಿಂಟ್ಸ್‌ಮನ್, ಮಾವನ ಕೈಕೆಳಗೆ ಹಳಿ ಬದಲಿಸುವ ಕೆಲಸ ಮಾಡಿದ್ದವರು. ಸಂತೆಗೆ ಬಂದವರು ಮನೆ ಮುಂದೆ ಹಾದು, ಅಂಗಳ ನೋಡಿ, ಇಂಥದ್ದನ್ನು ಯಾರನ್ನೂ ಕೇಳಬಾರದು ಅಂತ ಸೀದಾ ಪೇಟೆಗೆ ಹೋಗಿ ಸೇವಂತಿಗೆ ಹಾರ ತಂದರು. ಬಾಗಿಲು ತೆರೆದದ್ದು ಮಾವನೇ. ಅಳುತ್ತಿದ್ದವರು ಅಳುವುದನ್ನೂ ನಿಲ್ಲಿಸಲಾರದೆ ಹಾರ ಮುಂದೆ ಹಿಡಿದರಂತೆ. ತಂದ ಹಾರ ವಾಪಸು ಕಳಿಸಬಾರದು ಅಂತ ಮಾವ ಅದನ್ನು ಹಳದಿ ಬೋರ್ಡಿಗೆ ಹಾಕಿದರು. ಬೋರ್ಡು ಚೆನ್ನಾಗಿ ಕಾಣುತ್ತೆ ಅಂತ ಒಣಗುವ ತನಕ ತೆಗೆಯಲೂ ಇಲ್ಲ.

ಮೂರನೆಯವನು ನಾನೇ! ನಾನಾಗ ಕಡೂರಿನಲ್ಲಿ ಹೈಸ್ಕೂಲು ಮೇಷ್ಟರು. ಬಸ್ಸಿನ ಕಿಟಕಿಯಿಂದ ಬೋರ್ಡಿನ ಮೇಲೆ ಹಾರ ನೋಡಿದ ಯಾರೋ ಪುಣ್ಯಾತ್ಮರು ನಮ್ಮ ಹೆಡ್‌ಮಾಸ್ಟರಿಗೆ ಹೇಳಿದರು, ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಸಿಕ್ಕಿದ ರೈಲು ಹತ್ತಿದವನು ಅಜ್ಜಂಪುರದ ತನಕ ಅತ್ತುಕೊಂಡೇ ಹೋದೆ. ಸ್ಟೇಷನ್ನಿನಿಂದ ಓಡಿದೆ. ಮಾವ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದರು. "ಏನಪ್ಪಾ, ಇವತ್ತು ಸ್ಕೂಲಿಲ್ವಾ?" ಅಂದರು.

ಜೀವಮಾನದಲ್ಲಿ ಒಂದೇ ಸಲ ನಾನು ಮಾವನ ಮೇಲೆ ಕೂಗಾಡಿದ್ದು. ನನ್ನ ಗಲಾಟೆ ಕೇಳಿ ಅತ್ತೆ ಹೊರಗೆ ಬಂದರು. ಇಬ್ಬರೂ ನನ್ನನ್ನೇ ನ್ಯಾಯಕ್ಕೆ ಕೂರಿಸಿದರು. ನಗುನಗುತ್ತಲೇ ಶುರುವಾದದ್ದು, ಆದರೆ ಅತ್ತೆಯ ಧ್ವನಿ ನಡುವೆ ಬದಲಾಯಿತು.

"ನೀನೇ ಹೇಳಪ್ಪ. ಮೂವತ್ತೈದು ವರ್ಷ ರೈಲ್ವೆಯೋರ ನೆಲದಲ್ಲಿ ಬಿಟ್ಟೆ. ನನ್ ನೆಲದಲ್ಲಿ ಬಿಟ್ಟಿದ್ದು ಒಂದೇ ದಿನ ಕಣೋ."

ಮಾವ ಬ್ರಷ್ಷನ್ನು ಸುಣ್ಣದಲ್ಲಿ ಅದ್ದುತ್ತಾ ಅದ್ದುತ್ತಾ, ತಾವೂ ಅಷ್ಟೇ ವರ್ಷ ಯಾರದೋ ನೆಲದಲ್ಲಿ ಗಿಡ ನೆಟ್ಟು ಬಿಟ್ಟು ಬಂದವರು, ಒಂದು ಸಲವಾದರೂ ನೆಟ್ಟದ್ದರ ಜೊತೆ ಇದ್ದು ಸಾಯಬಾರದೇ ಅಂದರು. ಏನು ತೀರ್ಪು ಕೊಡಲಿ? ಅಂಗಳ ಒಂದೇ, ಆಸೆ ಎರಡು. ಸಂಜೆಯ ಗಾಡಿಗೆ ಹೊತ್ತಾಯಿತು ಅಂತ ತಪ್ಪಿಸಿಕೊಂಡು ಬಂದೆ. ಹುಲ್ಲು ಬೆಳೆಯಿತು, ಬಟ್ಟಲು ಅಟ್ಟದ ಮೇಲೇ ಉಳಿಯಿತು. ಊರಿಗೂ ಅಭ್ಯಾಸವಾಯಿತು, ಆಮೇಲೆ ಯಾರೂ ಅಳಲು ಬರಲಿಲ್ಲ. ಏಳೆಂಟು ವರ್ಷ ಹೀಗೇ ಹೋಯಿತು.

ಎಂಬತ್ತರ ನಂತರದ ಒಂದು ಚಳಿಗಾಲದಲ್ಲಿ ಅತ್ತೆಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ನಮ್ಮಮ್ಮ ಅಲ್ಲಿ ಜೊತೆಗಿದ್ದರು. ಮಾವ ದಿನಾ ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ, ಒಂದು ಗಳಿಗೆ ಮಂಚದ ಪಕ್ಕ ನಿಂತು, ಕೊನೆಯ ಬಸ್ಸಿಗೆ ಅಜ್ಜಂಪುರಕ್ಕೆ ವಾಪಸು ಬಂದುಬಿಡುತ್ತಾರೆ, ಎಷ್ಟು ಹೇಳಿದರೂ ಅಲ್ಲಿ ಮಲಗುವುದಿಲ್ಲ ಅಂತ ಅಮ್ಮ ಕಾಗದ ಬರೆದರು. ಹೆಂಡತಿ ಆ ಸ್ಥಿತಿಯಲ್ಲಿದ್ದಾಗಲೂ ಹುಲ್ಲಿಗೆ ನೀರು ಹಾಕುವ ಯೋಚನೆಯೇ ಈ ಮನುಷ್ಯನಿಗೆ? ನನಗೆ ಮೈಯೆಲ್ಲ ಉರಿಯಿತು. ಭಾನುವಾರ ಬೆಳಗಿನ ಗಾಡಿಗೇ ಹೋಗಿ ಇಳಿದೆ, ಇವತ್ತು ಎರಡರಲ್ಲಿ ಒಂದಾಗಲಿ ಅಂತ.

ಗೇಟಿನ ಹತ್ತಿರ ಬಂದವನು ನಿಂತೆ. ಹುಲ್ಲಿರಲಿಲ್ಲ. ಗೇಟಿನಿಂದ ಬಾಗಿಲ ತನಕ ಒಂದೆಳೆ ಬಿಡದೆ ಅಗೆದು ತೆಗೆದಿತ್ತು. ನೆಲ ತಟ್ಟಿ, ಸಗಣಿ ಹಾಕಿ ಸಾರಿಸಿತ್ತು. ನಡುವೆ ಮಾವ ಕುಕ್ಕರುಗಾಲಲ್ಲಿ ಕೂತು, ಮೊಣಕಾಲ ಮೇಲೆ ಅತ್ತೆಯ ಹಳೆಯ ರಂಗೋಲಿ ಪುಸ್ತಕ ಬಿಡಿಸಿಟ್ಟುಕೊಂಡು ರಂಗೋಲಿ ಬಿಡುತ್ತಿದ್ದರು. ಚುಕ್ಕಿಗಳೇನೋ ನೇರ ನಿಂತಿದ್ದವು. ಎಳೆ ಮಾತ್ರ ಒಂದು ಕಡೆ ಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಪುಡಿಯೇ ಇಲ್ಲ, ಬಳ್ಳಿ ಎಲ್ಲೋ ಹೊರಟು ಎಲ್ಲೋ ಸೇರಿತ್ತು. ನನಗೆ ಕೋಪ ಮರೆತು ನಗು ಬಂತು. ಏನು ಮಾವ, ಕೊನೆಗೂ ಅತ್ತೆಗೆ ಸೋತಿರಾ ಅಂದೆ.

ಮಾವ ತಲೆ ಎತ್ತಲಿಲ್ಲ. ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಹಾಲಿನವಳು ಬಂದಳಂತೆ. ಅತ್ತೆಗೆ ಜೋರಾಗಿದೆ ಅಂತ ಅವಳಿಗೆ ಗೊತ್ತಿತ್ತು. ವರ್ಷಗಟ್ಟಲೆ ನೋಡಿದ ಅದೇ ಬೋಳು ಬಾಗಿಲು ಅವತ್ತು ಬೇರೆಯಾಗಿ ಕಂಡು, ಒಳಗೆ ಬರದೆ, ಅಮ್ಮಾವ್ರು ಹೋಗ್ಬಿಟ್ರಾ ಅಂತ ಗೇಟಿನಲ್ಲೇ ಕೇಳಿದಳಂತೆ.

"ಕೇಳ್ಬಿಟ್ಲು ಕಣೋ. ನನ್ ಸಾವಿಗೆ ಜನ ಬಂದ್ ಅತ್ತಾಗ ನಂಗೆ ತಮಾಷೆ ಆಗಿತ್ತು." ಮಾವನ ಬೆರಳಿಂದ ಪುಡಿ ಉದುರುತ್ತಲೇ ಇತ್ತು, ಎಳೆ ಮುಂದೆ ಹೋಗುತ್ತಿರಲಿಲ್ಲ. "ನಿಮ್ಮತ್ತೆ ಐದು ದಿನದಿಂದ ಮಾತಾಡ್ತಿಲ್ಲ. ಡಾಕ್ಟ್ರೂ ಏನೂ ಹೇಳ್ತಿಲ್ಲ. ಆದ್ರೆ ಇದಾಳೆ ಕಣೋ. ಇದಾಳೆ ಅಂತ ಬೆಳಿಗ್ಗೆ ಎದ್ದು ನಾನು ಬಿಡ್ಬೇಕು ತಾನೆ? ಅದಕ್ಕೇ ಬಂದ್ಬಿಡ್ತೀನಿ."

ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ರಂಗೋಲಿ ಬಟ್ಟಲು ಹಿಡಿದುಕೊಂಡೆ.

ಅತ್ತೆ ಮೂರು ವಾರಕ್ಕೆ ಮನೆಗೆ ಬಂದರು. ವ್ಯಾನಿನಿಂದ ಇಳಿಸಿ ನಾನೂ ಅಮ್ಮನೂ ಎರಡು ಕಡೆ ಹಿಡಿದುಕೊಂಡೆವು. ಗೇಟಿನಲ್ಲಿ ನಿಂತು ಅಂಗಳವನ್ನು ಬಹಳ ಹೊತ್ತು ನೋಡಿದರು. ಬಳ್ಳಿ ತಪ್ಪಿದ ಜಾಗ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮಾವ ಮುಖ ಆ ಕಡೆ ತಿರುಗಿಸಿಕೊಂಡು, ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಅಂದರು:

"ನಾಳೆಯಿಂದ ನೀನೇ ಬಿಡು ಕಣೇ. ನನ್ ಕೈಲಾಗಲ್ಲ."