ಹುಟ್ಟುವ ಮೊದಲಿನ ಚಿಕಿತ್ಸೆಯ ಕುರಿತು

ಆರೋಗ್ಯ ವಿಮಾ ಕಂಪನಿಯ ಅರ್ಜಿ ಪರಿಶೀಲನಾಧಿಕಾರಿಗಳ ಸನ್ನಿಧಿಗೆ

ಮಾನ್ಯರೇ,

ಸಿದ್ಧಕಟ್ಟೆಯ ಶೋಧನ್ ಎಂಬ ಪಾಮರನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರುವವರನ್ನು ಬಿಟ್ಟು ಬೇರೆ ಯಾರನ್ನೂ ತಾವು ಹತ್ತಿರ ಸೇರಿಸುವುದಿಲ್ಲವಷ್ಟೆ.

ನನ್ನ ಐದು ವರ್ಷದ ಮಗಳು ಸಾತ್ವಿಕಾಳಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್, ಜೊತೆಗೆ ಹೃದಯದಲ್ಲೊಂದು ತೂತು. ಅದನ್ನು ಬೇಗ ಮುಚ್ಚಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ತಮ್ಮ ವಿಮೆಗೆ ಅರ್ಜಿ ಹಾಕಿದೆ. ಸಹಕಾರಿ ಸಂಘದ ಗುಮಾಸ್ತನಾಗಿ ಹದಿನೈದು ವರ್ಷ ಊರವರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ಮಹಾನುಭಾವ ನಾನು. ಒಂದು ಕಾಲಂ ಖಾಲಿ ಉಳಿದರೂ ನನಗೆ ಊಟ ಸೇರುವುದಿಲ್ಲ. ‘ಈವರೆಗೆ ಮಾಡಿಸಿದ ಎಲ್ಲ ಚಿಕಿತ್ಸೆ, ಆಧಾರ ಸಹಿತ’ ಎಂದು ತಾವು ಕೇಳಿದ್ದೇ ತಡ, ನನ್ನ ಹೆಂಡತಿ ಚಿತ್ರಾ ಎರಡು ತಿಂಗಳ ಬಸುರಿಯಾಗಿದ್ದಾಗ ಅತ್ತೆ ಪದ್ಮಾಕ್ಷಿಯವರು ಪೊಳಲಿ ದೇವಸ್ಥಾನದಲ್ಲಿ ಮಾಡಿಸಿದ ಹೂವಿನ ಪೂಜೆಯ ರಶೀದಿಯನ್ನೂ ಆಸ್ಪತ್ರೆಯ ಕಾಗದಗಳ ಜೊತೆ ಪಿನ್ ಹೊಡೆದು ಕಳಿಸಿದೆ. ‘ಮಗುವಿನ ಆರೋಗ್ಯಕ್ಕೆ’ ಎಂದು ಅದರಲ್ಲಿ ಬರೆದಿತ್ತು. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ.

ತಮ್ಮ ತಿರಸ್ಕಾರ ಪತ್ರ ಓದಿ ರೋಮಾಂಚನವಾಯಿತು. ಹುಟ್ಟುವ ಏಳು ತಿಂಗಳ ಮೊದಲೇ ಕುಟುಂಬಕ್ಕೆ ಕಾಯಿಲೆ ಗೊತ್ತಿತ್ತು, ಚಿಕಿತ್ಸೆಯೂ ಆರಂಭವಾಗಿತ್ತು, ಹಾಗಾಗಿ ವಿಮೆ ಸಲ್ಲದು ಎಂದು ತಾವು ಕಂಡುಹಿಡಿದಿದ್ದೀರಿ. ಸ್ಕ್ಯಾನಿಂಗ್ ಯಂತ್ರಕ್ಕೆ ಕಾಣದ್ದು ಪೂಜೆಯ ರಶೀದಿಯಲ್ಲಿ ಕಂಡ ತಮ್ಮ ದಿವ್ಯದೃಷ್ಟಿಗೆ ಶರಣು. ಪತ್ರವನ್ನು ಓದಿ ಹೇಳಿದಾಗ ಅತ್ತೆ ಎಲೆಯಡಿಕೆ ಕೆಳಗಿಟ್ಟು ಒಂದೇ ಮಾತು ಕೇಳಿದರು: “ಹೊಟ್ಟೆಯಲ್ಲಿದ್ದ ಮಗುವಿಗೆ ಒಳ್ಳೆಯದಾಗಲಿ ಅಂತ ಬೇಡಿದ್ದೇ ತಪ್ಪಾಯಿತಾ?” ಅಂದಿನಿಂದ ಮೊಮ್ಮಗಳನ್ನು ಕಂಡಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಪಿನ್ ಹೊಡೆದ ಈ ಪಂಡಿತನಿಗೆ ತನ್ನ ಮೇಲೆಯೇ ಅಸಾಧ್ಯ ಸಿಟ್ಟು ಬರುತ್ತದೆ.

ಆದ್ದರಿಂದ, ಬಸುರಿಯ ಮನೆಯವರು ಕೈಮುಗಿಯುವ ಮುನ್ನ ತಮ್ಮ ಲಿಖಿತ ಅನುಮತಿ ಪಡೆಯತಕ್ಕದ್ದು ಎಂದು ದೇವಸ್ಥಾನಗಳಲ್ಲೆಲ್ಲ ಒಂದು ಬೋರ್ಡು ಹಾಕಿಸಬೇಕಾಗಿ ವಿನಂತಿ. ಸೀಮಂತಕ್ಕೆ ಬಂದು ಅಕ್ಷತೆ ಹಾಕಿ, ಮಗು ಆರೋಗ್ಯವಾಗಿರಲಿ ಎಂದು ಹರಸಿದ ಇನ್ನೂರು ಮಂದಿಯೂ ಈ ಒಳಸಂಚಿನಲ್ಲಿ ಪಾಲುದಾರರು. ಬಂಟ್ವಾಳದಿಂದ ಮೂಡುಬಿದಿರೆಯವರೆಗಿನ ಅವರೆಲ್ಲರ ಹೆಸರು, ವಿಳಾಸ ಒದಗಿಸಲು ಸಿದ್ಧನಿದ್ದೇನೆ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಸಾತ್ವಿಕಾ ಹುಟ್ಟುವ ಮೊದಲೇ ನಮಗೆ ಒಂದು ಸಂಗತಿ ಖಂಡಿತವಾಗಿ ಗೊತ್ತಿತ್ತು: ಆ ಮಗು ನಮಗೆ ಬೇಕಿತ್ತು. ಇದಕ್ಕೆ ನನ್ನಲ್ಲಿ ಲಿಖಿತ ಆಧಾರವಿಲ್ಲ.

ತಮ್ಮ ವಿಶ್ವಾಸಿ, ಖಾಲಿ ಕಾಲಂಗಳ ಪರಮ ವೈರಿ,
ಶೋಧನ್

ತಾ.ಕ.: ಆಪರೇಷನ್ ಬರುವ ಸೋಮವಾರ. ತಾವು ಇಲ್ಲದಿದ್ದರೂ ನೆಂಟರೆಲ್ಲ ಸೇರಿ ಹೇಗೋ ನಡೆಸುತ್ತಿದ್ದೇವೆ. ಅತ್ತೆ ಈ ಸಲ ದೇವಸ್ಥಾನಕ್ಕೆ ಹೋಗಲು ಹೆದರಿ, ಮನೆಯ ಮೂಲೆಯಲ್ಲಿ ಕುಳಿತು, ತುಟಿಯನ್ನೂ ಅಲ್ಲಾಡಿಸದೆ ಬೇಡಿಕೊಳ್ಳುತ್ತಿದ್ದಾರೆ. ದೇವರಿಗಾದರೂ ಕೇಳಿಸಬಹುದು, ತಮಗೆ ಕೇಳಿಸದಿದ್ದರೆ ಸಾಕು.