ಮೇಜಿನ ಕೆಳತುದಿ ಬೇರೆಯಾದದ್ದು

ಎಲ್ಲಕ್ಕೂ ಕಾರಣ ಜುಂಬೆರ್ ಮೇಷ್ಟ್ರ ಮೊದಲ ಭಾಷಣ ಉದ್ದವಾದದ್ದು.

ರಾಜಧಾನಿ ಟಿಬಿಲಿಸಿಯಲ್ಲಿ ದೇಶದ ಹೊಸ ಅಧ್ಯಕ್ಷರು ಗೆದ್ದಿದ್ದರು. ಮುನಿಸಿಕೊಂಡು ಬೇರೆಯಾದ ಎರಡು ಪ್ರಾಂತ್ಯಗಳನ್ನೂ ಮಾತಿನಲ್ಲೇ ಒಲಿಸಿ ತರುತ್ತೇನೆಂದು ಅವರು ಟಿ.ವಿ.ಯಲ್ಲಿ ಹೇಳಿದ್ದೇ ತಡ, ಊರವರು ದ್ರಾಕ್ಷಿ ಚಪ್ಪರದಡಿ ಐವತ್ತು ಜನ ಕೂರುವ ಮೇಜು ಹಾಕಿದರು. ಔತಣಕ್ಕೊಬ್ಬ ತಮದಾ ಬೇಕು. ಅವನು ಎದ್ದು ನಾಲ್ಕು ಮಾತಾಡಿ ಲೋಟ ಎತ್ತುವವರೆಗೆ ಯಾರೂ ವೈನಿಗೆ ತುಟಿ ತಾಗಿಸುವಂತಿಲ್ಲ. ಇಪ್ಪತ್ತು ವರ್ಷದಿಂದ ಆ ಪಟ್ಟ ವರ್ಲಾಮನದು. ದೇಶಕ್ಕೇ ಹೊಸಬರು ಬಂದ ಮೇಲೆ ನಮಗೇಕೆ ಹಳಬ ಎಂದು ಯಾರೋ ಅಂದರು. ಕೈ ಎತ್ತಿಸಿದಾಗ ಗೆದ್ದದ್ದು ಭೂಗೋಳದ ಜುಂಬೆರ್ ಮೇಷ್ಟ್ರು. ಅವರು ಈ ಗೌರವಕ್ಕೆ ಜನ್ಮವಿಡೀ ಕಾದಿದ್ದರು. ಹೆಂಡತಿ ಲಮಾರಾ ಮಾತ್ರ, "ಚುಟುಕಾಗಿ ಮುಗಿಸ್ರೀ" ಎಂದು ತೋಳು ಎಳೆದಳು.

ಏಕತೆಯ ಮಹತ್ವ ಕುರಿತ ಭಾಷಣ ಮುಕ್ಕಾಲು ಗಂಟೆ ನಡೆಯಿತು. ಕೆಳತುದಿಗೆ ಒಂದಕ್ಷರ ಕೇಳಿಸಲಿಲ್ಲ. ಅಲ್ಲಿದ್ದ ಲಮಾರಾಳ ತಮ್ಮ ಬಿಚಿಕೊ ಬಾಯಾರಿಕೆ ತಾಳದೆ ಎದ್ದು, ಈ ಕಡೆಗೆ ತಾನೇ ತಮದಾ ಎಂದು ಸಾರಿ ಲೋಟ ಎತ್ತಿಬಿಟ್ಟ. ಸುತ್ತಲಿನ ಹನ್ನೊಂದು ಜನರೂ ಕುಡಿದರು. ದುರದೃಷ್ಟಕ್ಕೆ ಮಾಂಸ ಸುಡುವ ಒಲೆ ಅವರ ಸೀಮೆಯಲ್ಲೇ ಇತ್ತು.

ಮೇಲ್ತುದಿಯಲ್ಲಿ ಸಲಹೆಗಳಿಗೇನು ಬರ? ಅವರಿಗೆ ರೊಟ್ಟಿ ನಿಲ್ಲಿಸಿ ಎಂದರು. ನಿಲ್ಲಿಸಿದಾಗ ಅತ್ತಲಿಂದ ಮಾಂಸ ನಿಂತಿತು. ಸಂಧಾನಕ್ಕೆ ಹೋದ ಪಾದ್ರಿಗಳು ಅಲ್ಲೇ ತಟ್ಟೆ ಹಾಕಿಸಿಕೊಂಡರು. ಪಾದ್ರಿಗಳನ್ನು ಕರೆತರಲು ಹೋದ ಅಂಚೆಯವನೂ ತಿರುಗಿ ಬರಲಿಲ್ಲ. ಮೇಷ್ಟ್ರು ಸ್ವಾಯತ್ತತೆ ಕೊಡಲೂ ಒಪ್ಪಿದರು: ಸತ್ತವರ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ ನೀವೇ ಲೋಟ ಎತ್ತಿಕೊಳ್ಳಿ, ದೇಶದ ಹೆಸರಿನಲ್ಲಿ ಮಾತ್ರ ನಾನು. ಉತ್ತರವಾಗಿ ನಗು ಬಂತು. ಮೇಷ್ಟ್ರಿಗೆ ಅಳು ಬರುವಂತಾಯಿತು.

ಆಗ ಪಕ್ಕದಲ್ಲಿದ್ದ ವರ್ಲಾಮ್ ಮೆತ್ತಗೆ ಹೇಳಿದ: "ಇಲ್ಲಿಂದ ಕೂಗಿದ್ರೆ ಆಗಲ್ಲ ಮೇಷ್ಟ್ರೇ. ನೀವೇ ಹೋಗಿ ತಬ್ಕೊಳ್ಳಿ, ಕರಗ್ತಾರೆ."

ನಿಜಕ್ಕೂ ಕರಗಿದರು. "ನಮಗೆ ನಿಮ್ಮ ಮೇಲೆ ಸಿಟ್ಟಿಲ್ಲ ಭಾವ, ಗಂಟಲು ಒಣಗಿತ್ತು ಅಷ್ಟೆ. ಇದನ್ನ ಖಾಲಿ ಮಾಡಿ, ನಾವೆಲ್ಲ ಮತ್ತೆ ನಿಮ್ಮೋರೇ," ಎಂದು ಬಿಚಿಕೊ ವೈನು ತುಂಬಿದ ಕೊಂಬು ಕೊಟ್ಟ. ತಳ ಕಾಣುವವರೆಗೆ ಕೊಂಬನ್ನು ಕೆಳಗಿಡುವಂತಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕುಡಿದರು. ಮಾತಿನಲ್ಲೇ ಒಲಿಸಿದ್ದೇನೆ ಎಂಬ ಹೆಮ್ಮೆಯಿಂದ ಕಣ್ಣು ತೆರೆದರು.

ಅಷ್ಟರಲ್ಲಿ ಮೇಲ್ತುದಿಯಲ್ಲಿ ಮತ್ತೊಂದು ಚುನಾವಣೆ ಮುಗಿದಿತ್ತು. ಅವರ ಜಾಗದಲ್ಲಿ ವರ್ಲಾಮ್ ಲೋಟ ಹಿಡಿದು ನಿಂತಿದ್ದ.

"ನನ್ನ ಮೊದಲ ಲೋಟ," ಎಂದ, ಕೆಳತುದಿಗೂ ಚೆನ್ನಾಗಿ ಕೇಳುವ ಗಂಟಲಲ್ಲಿ, "ನಮ್ಮನ್ನ ಬಿಟ್ಟು ಆ ಕಡೆ ಸೇರ್ಕೊಂಡಿರೋ ಜುಂಬೆರ್ ಮೇಷ್ಟ್ರು ಬೇಗ ವಾಪಸ್ ಬರ್ಲಿ ಅಂತ."

ಆ ದಿನ ಮೊದಲ ಬಾರಿಗೆ ಇಡೀ ಮೇಜು ಒಟ್ಟಿಗೆ ಎದ್ದು ಕುಡಿಯಿತು, ಬಿಚಿಕೊ, ಲಮಾರಾ ಸಮೇತ.