ಗಾಳಿಗೆ ಕೊರೆದ ತಾರೀಖು

ಕಳೆದ ವರ್ಷದ ಉಚಿತ ಕಣ್ಣಿನ ತಪಾಸಣಾ ಶಿಬಿರದ ಬ್ಯಾನರಿನಲ್ಲಿ, ಶಿಬಿರ ನಡೆಯುವ ಸ್ಥಳದ ಹೆಸರು ಇರಬೇಕಾಗಿದ್ದ ಜಾಗದಲ್ಲಿ ನನ್ನ ಮುಖವಿತ್ತು. ನನಗಾದ ಅನ್ಯಾಯ ಇಷ್ಟೇ. ಆದರೆ ಇದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಶಿಬಿರ ನಡೆಸುವ ನಮ್ಮ ಹೊನ್ನಾವರದ ಸಮಿತಿಯವರು ಫೋಟೋ ಹಾಕಲೇ ಎಂದು ನನ್ನನ್ನು ಕೇಳಿರಲಿಲ್ಲ. ಹಿರಿಯ ಸದಸ್ಯನೊಬ್ಬನ ಮುಖ ಬಿಟ್ಟುಹೋಗಿದೆಯೆಂದು ಕಡೇ ಗಳಿಗೆಯಲ್ಲಿ ಯಾರಿಗೋ ಹೊಳೆದು, ಭಟ್ಕಳದ ಮುದ್ರಣದಂಗಡಿಗೆ ಫೋನು ಹೋಗಿ, ಬೇರೆಲ್ಲೂ ತೆರವಿಲ್ಲದ್ದರಿಂದ ಅವರು ನನ್ನನ್ನು ಸ್ಥಳದ ಹೆಸರಿನ ಮೇಲೆ ಕೂರಿಸಿದ್ದರು. ಅದೂ ಯಾರದೋ ಮದುವೆಯ ಊಟದ ಪಂಕ್ತಿಯಿಂದ ಕತ್ತರಿಸಿ ತೆಗೆದ ಫೋಟೋ. ಬಾಯಿ ತೆರೆದಿತ್ತು, ತುತ್ತು ಮಾತ್ರ ಇರಲಿಲ್ಲ.

ಸ್ಥಳ ಹೋದರೆ ಹೋಗಲಿ, ತಾರೀಖಾದರೂ ಉಳಿಯಬೇಕಿತ್ತು. ಅದನ್ನು ಗಾಳಿಗೆ ಬಿಟ್ಟುಕೊಟ್ಟರು. ಕಡಲ ಬದಿಯ ನಮ್ಮ ಊರುಗಳಲ್ಲಿ ರಸ್ತೆಗೆ ಅಡ್ಡಲಾಗಿ ಕಟ್ಟುವ ಬ್ಯಾನರು ಹರಿಯದಿರಲೆಂದು, ಗಾಳಿ ದಾಟಿಹೋಗಲು ಅದರಲ್ಲಿ ಅಲ್ಲಲ್ಲಿ ಕಿಂಡಿ ಕೊಯ್ಯುತ್ತಾರೆ. ಗಣ್ಯರ ಮುಖವನ್ನು ಕೊಯ್ದರೆ ಅವಮಾನ, ಹೆಸರನ್ನು ಕೊಯ್ದರೆ ಜಗಳ. ಹಾಗಾಗಿ ಕಿಂಡಿಗಳೆಲ್ಲ ದಿನ ಮತ್ತು ವೇಳೆಯ ಪಾಲಿಗೇ ಬರುತ್ತವೆ. ಕುಮಟೆಯಿಂದ ಭಟ್ಕಳದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಹೋಗಿ: ನಗುವ ಮುಖ ಒಂದೂ ಮುಕ್ಕಾಗಿರುವುದಿಲ್ಲ; ಕಾರ್ಯಕ್ರಮ ಭಾನುವಾರವೋ ಬುಧವಾರವೋ ಎಂಬುದು ಮಾತ್ರ ದೇವರಿಗೇ ಗೊತ್ತು.

ಶಿಬಿರದ ದಿನ ವೇದಿಕೆ ತುಂಬಿತ್ತು, ಎದುರಿನ ಕುರ್ಚಿಗಳು ಖಾಲಿಯಿದ್ದವು. ಕುಮಟೆಯಿಂದ ಬಂದ ಡಾಕ್ಟರು ಬೇರೆ ದಾರಿ ಕಾಣದೆ ಗಣ್ಯರ ಕಣ್ಣುಗಳನ್ನೇ ಒಂದೊಂದಾಗಿ ನೋಡಿ, "ಮುಂದಿನ ಸಲವೂ ಹೀಗೇ ಆದ್ರೆ ನಾವು ಇಲ್ಲಿ ಇಳಿಯೂದೇ ಇಲ್ಲ, ಸೀದಾ ಭಟ್ಕಳಕ್ಕೆ ಹೋಗ್ತೇವೆ" ಎಂದು ಎಚ್ಚರಿಸಿ ಹೊರಟುಹೋದರು.

ಆ ವಾರವೇ, ನಮ್ಮ ಮನೆಗೆ ಮೀನು ತರುವ ಮಾವಿನಕುರ್ವೆಯ ಗಂಗೆ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಬಂಗಡೆ ಹಳತೆಂದು ನನ್ನ ಹೆಂಡತಿ ಮುಖ ಸಿಂಡರಿಸಿದಾಗ ಗಂಗೆ ಬುಟ್ಟಿಯ ಪಕ್ಕದಲ್ಲೇ ಕುಕ್ಕರಿಸಿದಳು. "ಎಂತ ಮಾಡೂದು ಅಕ್ಕ? ಮೀನಿನ ಕಣ್ಣು ಕೆಂಪೋ ಬಿಳಿಯೋ ನಂಗೆ ಕಾಣೂದಿಲ್ಲ. ಏಲಂನಲ್ಲಿ ಹಳೇದನ್ನೇ ನಂಗೆ ದಾಟಿಸ್ತಾರೆ. ಇನ್ನೊಂದು ಮಳೆಗಾಲ ಹೋದ್ರೆ ಬುಟ್ಟಿ ಕೆಳಗಿಡೂದೇ."

ಹಾಗಿದ್ದರೆ ಶಿಬಿರಕ್ಕೇಕೆ ಬರಲಿಲ್ಲವೆಂದು ನಾನು ಗದರಿದೆ.

"ಎಂತ ಶಿಬಿರ? ಆ ಬ್ಯಾನರ್ ಕೆಳಗೇ ಬಸ್ಸಿಗೆ ನಿತ್ಕಂಡಿದ್ದೆ ಅಣ್ಣ. ದೊಡ್ಡ ದೊಡ್ಡ ಮುಖ ಕಂಡ್ತು, ಇಲೆಕ್ಷನ್ ಬಂತು ಅಂದ್ಕಂಡೆ. ನೀವೂ ಬಾಯಿ ತೆಗ್ದು ನಿಂತಿದ್ರಿ. ಪಾಪ, ನಮ್ಮವ್ರು, ಒಂದು ವೋಟು ಹಾಕುವಾ ಅಂತಿದ್ದೆ."

ಮುಂದಿನ ಶಿಬಿರದ ಪೋಸ್ಟರು ನನ್ನದೇ ಎಂದು ಅಂದೇ ನಿಶ್ಚಯಿಸಿದೆ. ಭೂಮಾಪನ ಇಲಾಖೆಯಲ್ಲಿ ಆಯುಷ್ಯ ಸವೆಸಿದವನು ನಾನು. ಅಳೆಯದೆ ಯಾವುದನ್ನೂ ನಂಬುವುದಿಲ್ಲ. ಬೇರೆ ಬೇರೆ ಗಾತ್ರದ ಅಕ್ಷರಗಳನ್ನು ಹಾಳೆಗಳಲ್ಲಿ ಬರೆದು, ಹೆಂಡತಿಯನ್ನು ರಸ್ತೆಯ ಆಚೆ ನಿಲ್ಲಿಸಿ, ಒಂದೊಂದನ್ನೇ ಎತ್ತಿ ಹಿಡಿಯಲು ಹೇಳಿದೆ. ನನಗೆ ತೃಪ್ತಿಯಾಗಲಿಲ್ಲ, ಅಕ್ಷರ ಬೆಳೆಯುತ್ತಲೇ ಹೋಯಿತು. "ಹೆಂಗೆ ಹಿಡಿಯೂದು ಅಂತ ನೀವು ಈಚೆ ಎತ್ತಿ ತೋರ್ಸಿದ ಮೊದಲ್ನೇ ಹಾಳೆಯೇ ನಂಗೆ ಆಚೆಯಿಂದ ಕಂಡಿತ್ತು. ಎಂತಕ್ಕೆ ಇನ್ನೂ ದೊಡ್ಡದು ಮಾಡ್ತ್ರಿ? ಹೋಗುವವ್ರೆಲ್ಲ ನನ್ನೇ ನೋಡ್ತಿದ್ರು" ಎಂದು ಅವಳು ಒಳಬಂದು ಸಿಡುಕಿದಳು. ಒಲೆಯ ಮೇಲಿಟ್ಟ ಸಾರಿನ ಅವಸರದಲ್ಲಿ ಹಾಗೆನ್ನುತ್ತಾಳೆಂದು ನಾನು ಲಕ್ಷ್ಯ ಕೊಡಲಿಲ್ಲ.

ಕೊನೆಗೆ ಪೋಸ್ಟರಿನಲ್ಲಿ ಉಳಿದದ್ದು ಇಷ್ಟು: "ಕಣ್ಣು ಮಂಜೇ? ಬರುವ ಭಾನುವಾರ ಬೆಳಿಗ್ಗೆ ಮೀನುಪೇಟೆ ಹಿಂದಿನ ಶಾಲೆಗೆ ಬನ್ನಿ. ಖರ್ಚಿಲ್ಲ." ಬಿಳಿಯ ಮೇಲೆ ಕಪ್ಪು. ಮುಖವಿಲ್ಲ, ಹೆಸರಿಲ್ಲ.

ಕಾರ್ಯದರ್ಶಿ ಮಂಜುನಾಥ ಅದನ್ನು ತಿರುವಿ ಹಿಂಬದಿಯನ್ನೂ ನೋಡಿದ. "ಉದ್ಘಾಟಕರು ಎಲ್ಲಿ? ಅಧ್ಯಕ್ಷರು ಎಲ್ಲಿ? ಇದೆಂತದು ನಾಯ್ಕರೆ, ಎಮ್ಮೆ ಕಳದ್ಹೋಗದೆ ಅಂತ ಹಚ್ಚೂ ಚೀಟಿಯಾ?"

"ಆ ಚೀಟಿಯಿಂದ ಎಮ್ಮೆಯಾದರೂ ಸಿಗುತ್ತದೆ. ನಿಮ್ಮ ಬ್ಯಾನರಿನಿಂದ ಒಬ್ಬ ರೋಗಿ ಸಿಕ್ಕಿದ್ದರೆ ತೋರಿಸಿ."

"ಆತು ಮಾರಾಯ್ರೆ, ನೀವೇ ಹಚ್ಚಿಕಳಿ. ಜನ ಬರದಿದ್ರೆ ನಿಮ್ಮ ತಲೆಗೇ" ಎಂದ.

ಹಚ್ಚುವುದರಲ್ಲೂ ನನಗೆ ಒಂದು ಹಟವಿತ್ತು. ಆಕಾಶದಲ್ಲಿ ತೂಗುವುದನ್ನು ಬಸ್ಸಿನ ಚಾವಣಿ ಮಾತ್ರ ಓದೀತು. ಜನ ಸುಮ್ಮನೆ ನಿಲ್ಲುವ ಕಡೆ, ನಿಂತವರ ಮುಖದ ಎತ್ತರಕ್ಕೆ ಪೋಸ್ಟರು ಬರಬೇಕು: ರೇಷನ್ ಅಂಗಡಿಯ ಬಾಗಿಲು, ಮೀನುಪೇಟೆಯ ನಲ್ಲಿಯ ಬದಿಯ ಗೋಡೆ, ಬಸ್ ನಿಲ್ದಾಣದ ಕಂಬ. ಎಲ್ಲ ಕಡೆ ಮಾಲೀಕರನ್ನು ಕೇಳಿಯೇ ಹಚ್ಚಿದೆ. ರೇಷನ್ ಅಂಗಡಿಯವ ಮಾತ್ರ ನನ್ನನ್ನು ಸೀಮೆಎಣ್ಣೆ ಕೇಳಲು ಬಂದವನಂತೆ ನೋಡಿದ. ಅದೂ ನನ್ನ ನೆನಪಿನಲ್ಲಿದೆ.

ಭಾನುವಾರ ಶಾಲೆಯ ಗೇಟಿನಿಂದ ಮೀನುಪೇಟೆಯ ತನಕ ಸಾಲು ನಿಂತಿತು. ಉದ್ಘಾಟಕರಿಗೆ ವೇದಿಕೆ ಹತ್ತಲು ದಾರಿಯಾಗದೆ ಭಾಷಣ ರದ್ದಾಯಿತು. ಈ ಭಾಗ್ಯವನ್ನು ನಾನು ನಿರೀಕ್ಷಿಸಿರಲಿಲ್ಲ. ಗಂಗೆ ಸಾಲಿನ ಮುಂದೆಯೇ ಇದ್ದಳು. "ಬಸ್ಸಿನ ಬೋರ್ಡಿಗಿಂತ ಚಂದ ಕಂಡ್ತು ಅಣ್ಣ" ಎಂದಳು. ಶಸ್ತ್ರಚಿಕಿತ್ಸೆ ಮಾಡಿದರೆ ದೃಷ್ಟಿ ಮರಳುತ್ತದೆಂದು ಡಾಕ್ಟರು ಬರೆದುಕೊಟ್ಟರು. ಭಟ್ಕಳಕ್ಕೆ ಹೋಗುವ ಮಾತನ್ನು ಅವರು ಆಮೇಲೆ ಎತ್ತಲಿಲ್ಲ.

ಜನ ಕರಗಿದ ಮೇಲೆ ಡಾಕ್ಟರು ನನ್ನನ್ನೂ ಕುರ್ಚಿಯಲ್ಲಿ ಕೂರಿಸಿ ಎದುರಿನ ಅಕ್ಷರಗಳನ್ನು ಓದಲು ಹೇಳಿದರು. ಮೇಲಿನ ಸಾಲನ್ನು ಗಂಭೀರವಾಗಿ ಓದಿದೆ. ಅದರ ಕೆಳಗೆ ಸಾಲುಗಳಿವೆಯೆಂಬುದನ್ನು ಅವರೇ ತಿಳಿಸಬೇಕಾಯಿತು. "ಎರಡೂ ಕಣ್ಣಿಗೆ ಪೊರೆ ಬಂದದೆ ನಾಯ್ಕರೆ, ಇಷ್ಟು ದಿನ ಹೆಂಗೆ ಸುಧಾರಿಸಿದ್ರಿ?" ಎಂದರು.

ಮಂಜುನಾಥನ ಕಿವಿಗೆ ಇದು ಬಿತ್ತು. "ಹಾಗಾರೆ ಆ ದಪ್ಪ ಅಕ್ಷರ ಊರಿಗಲ್ಲ, ಇವ್ರಿಗೇ ಕಾಣೂಕೆ ಬರದ್ದು!" ಎಂದು ಮೀನುಪೇಟೆಗೆಲ್ಲ ಕೇಳುವಂತೆ ನಕ್ಕ. ಮುಂದಿನ ಸಭೆಯಲ್ಲಿ ಠರಾವೂ ಆಯಿತು: ಇನ್ನು ಮುಂದೆ ಪೋಸ್ಟರಿನ ಕೆಲಸವನ್ನು ದೃಷ್ಟಿ ಸರಿಯಿದ್ದವರಿಗೇ ವಹಿಸತಕ್ಕದ್ದು, ಗಣ್ಯರ ಭಾವಚಿತ್ರಗಳನ್ನು ಮೊದಲಿನಂತೆ ಹಾಕತಕ್ಕದ್ದು.

ನನ್ನ ಕಣ್ಣಿಗೆ ಪೊರೆ ಬಂದಿರುವುದು ನಿಜ, ಒಪ್ಪುತ್ತೇನೆ. ಹೆಂಡತಿಗೆ ಮೊದಲನೆಯ ಹಾಳೆಯೇ ಕಂಡಿತ್ತೆಂಬುದನ್ನೂ, ಕಷ್ಟಪಟ್ಟು, ಒಪ್ಪುತ್ತೇನೆ. ಆದರೆ ಸಮಿತಿಯ ಮಹನೀಯರೇ, ನೀವು ನನಗೊಂದು ಉತ್ತರ ಕೊಡಲೇಬೇಕು: ಕಣ್ಣಿನ ಶಿಬಿರದ ಪೋಸ್ಟರನ್ನು ಕಣ್ಣು ಸರಿಯಿದ್ದವರು ಓದಿ ಮಾಡುವುದಾದರೂ ಏನು?